ಚಿಲ್ಲರ್ ಮನೆಯ ಯಜಮಾನರು

ಇವರ ಹೆಸರನ್ನು ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಈಚೆಗೆ ಅವರು ನಿವೃತ್ತರಾದ ಮೇಲೆ, ನಿಮ್ಮ ವಿಷಯವಾಗಿ ನಾಲ್ಕು ಪುಟ ಬರೆಯಲೇ ಎಂದು ಕೇಳಿದೆ. ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. “ಹೆಸರು ಮಾತ್ರ ಬೇಡ ಮಾರಾಯ್ರೆ. ಹೆಸರು ಹಾಕಿದ್ರೆ ಈ ಮದ್ರಾಸಿನಲ್ಲಿರುವ ನಮ್ಮ ಅಷ್ಟೂ ನೆಂಟರು ಫ್ರಿಜ್ ರಿಪೇರಿಗೆ ಕರೀತಾರೆ.” ಹೆಸರು ಬಿಟ್ಟ ಮೇಲೆ ಇಸವಿಗಳನ್ನೂ ಬಿಡಬೇಕಾಯಿತು; ಇಸವಿ ಸಿಕ್ಕಿದರೆ ಮನುಷ್ಯನೂ ಸಿಗುತ್ತಾನೆ. ಇಸವಿಯಿಲ್ಲದೆ ಬರೆಯುವುದು ನನಗೆ ಕನ್ನಡಕವಿಲ್ಲದೆ ಮೆಟ್ಟಿಲಿಳಿದಂತೆ. ಆದರೂ ಇಲ್ಲಿನ ಪ್ರತಿಯೊಂದು ಸಂಗತಿಯನ್ನೂ ನನ್ನ ದಿನಚರಿಯೊಡನೆ ತಾಳೆ ನೋಡಿಯೇ ಬರೆದಿದ್ದೇನೆ. ತಾಳೆಯಾಗದ ಕಡೆ ಹಾಗೆಂದು ಹೇಳುತ್ತೇನೆ.

ನಾನು ಸೇವೆಯಲ್ಲಿದ್ದದ್ದು, ನಿವೃತ್ತನಾದ ಮೇಲೂ ದಿನವೂ ಹೋಗಿ ಕೂರುವುದು, ಹಳೆಯ ಚಲನಚಿತ್ರಗಳ ನೆಗೆಟಿವ್ ಸುರುಳಿಗಳನ್ನು ಕಾಪಾಡುವ ಒಂದು ಸಣ್ಣ ಸಂಗ್ರಹಾಲಯದಲ್ಲಿ. ಕೋಡಂಬಾಕ್ಕಂನ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳೂ ತಯಾರಾಗುತ್ತಿದ್ದ ಕಾಲದಲ್ಲಿ ಯಾವ ದೃಶ್ಯವನ್ನು ಯಾವ ದಿನ ಚಿತ್ರೀಕರಿಸಿದರೆಂದು ನಿಷ್ಕರ್ಷಿಸುವುದು ನನ್ನ ಕಸುಬು. ಆ ಸುರುಳಿಗಳಿಗೆ ಈ ಊರಿನ ಸೆಕೆ ಮತ್ತು ತೇವ ಎರಡೂ ಶತ್ರುಗಳು. ಎರಡೂ ಒಟ್ಟಾದರೆ ಫಿಲ್ಮು ಒಳಗಿಂದಲೇ ಕೆಡತೊಡಗುತ್ತದೆ. ಡಬ್ಬಿಯ ಮುಚ್ಚಳ ತೆಗೆದರೆ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಒಮ್ಮೆ ಹುಳಿಹಿಡಿದ ಸುರುಳಿಯನ್ನು ಮೊದಲಿನಂತೆ ಮಾಡುವ ವಿದ್ಯೆ ಯಾರಲ್ಲೂ ಇಲ್ಲ. ಆದ್ದರಿಂದ ಕಟ್ಟಡದ ಹಿಂಭಾಗದ ಒಂದು ತಗಡಿನ ಮನೆಯಲ್ಲಿ, ಎಲ್ಲರೂ ಚಿಲ್ಲರ್ ಎಂದು ಕರೆಯುವ ದೊಡ್ಡ ಶೀತಕ ಯಂತ್ರ ಎಡೆಬಿಡದೆ ಓಡುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಅದನ್ನು ಓಡಿಸಿದವರು ಇವರು. ಕೆಲಸಕ್ಕೆ ಸೇರಿದ್ದು ಜೂನ್ ತಿಂಗಳೆಂದು ಅವರ ನೆನಪು. ಹಾಜರಿ ಪುಸ್ತಕ ಜುಲೈ ಎನ್ನುತ್ತದೆ. ನಾನು ಹಾಜರಿ ಪುಸ್ತಕದ ಪಕ್ಷ.

ಕುಳ್ಳು ಆಳು, ಬಿಳಿ ಅರ್ಧತೋಳಿನ ಅಂಗಿ, ಕಿಸೆಯಲ್ಲಿ ಒಂದು ಮೊಳದುದ್ದದ ಸ್ಕ್ರೂಡ್ರೈವರ್. ಅದನ್ನು ಅವರು ತಿರುಪು ತಿರುಗಿಸಲು ಬಳಸಿದ್ದನ್ನು ನಾನು ಕಂಡದ್ದು ಕಡಿಮೆ. ಅದರ ತುದಿಯನ್ನು ಓಡುವ ಯಂತ್ರದ ಬೇರಿಂಗಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. “ಏನು ಹೇಳುತ್ತೆ?” ಎಂದು ಒಮ್ಮೆ ಕೇಳಿದೆ. “ಊಟ ಆಯ್ತಾ ಅಂತ ಕೇಳ್ತದೆ. ನಿಮ್ಮ ಹಾಗೆ ದೂರು ಹೇಳುದಿಲ್ಲ” ಎಂದರು.

ಉಡುಪಿ ಕಡೆಯ ಮನೆತನ. ತಂದೆಯವರು ಕೋಡಂಬಾಕ್ಕಂನಲ್ಲಿ ಹೋಟೆಲು ನಡೆಸಿದವರು, ಅಣ್ಣಂದಿರು ಈಗಲೂ ನಡೆಸುತ್ತಿರುವವರು. ಇವರೊಬ್ಬರು ಮಾತ್ರ ಒಲೆಯ ಬದಿ ಬಿಟ್ಟು ಯಂತ್ರದ ಬದಿಗೆ ಬಂದರು. ನಮ್ಮ ಸಂಗ್ರಹದಲ್ಲಿರುವ ಒಂದು ಚಿತ್ರದಲ್ಲಿ ನಾಯಕ ತಟ್ಟೆ ತುಂಬ ಇಡ್ಲಿ ತಿನ್ನುವ ದೃಶ್ಯವಿದೆ. ಆ ಇಡ್ಲಿ ತಮ್ಮ ಹೋಟೆಲಿನದೇ ಎಂದು ಅವರ ದೃಢವಾದ ನಂಬಿಕೆ. ನಾನು ಸ್ಟುಡಿಯೋದ ದಾಖಲೆ ತೆಗೆದು ನೋಡಿದೆ. ಆ ದೃಶ್ಯ ಚಿತ್ರೀಕರಣವಾದಾಗ ಅವರ ಹೋಟೆಲು ಇನ್ನೂ ಬಾಗಿಲು ತೆರೆದಿರಲಿಲ್ಲ. ಹೇಳಿದೆ. “ಹಾಗಾದ್ರೆ ಅಷ್ಟು ಮೆತ್ತಗೆ ಇಡ್ಲಿ ಮಾಡಿದವ ಯಾರು? ಅದನ್ನು ಹುಡುಕಿ. ಅದು ಸಂಶೋಧನೆ” ಎಂದರು.

ಅವರ ಪರಿಚಯವಾದದ್ದು ಒಂದು ದೂರಿನಿಂದ. ನಾನು ಮೈಸೂರು ಕಡೆಯವನು. ಯಂತ್ರದ ಚಳಿ ನನಗೆ ಆಗದು. ಓದುವ ಕೋಣೆಯಲ್ಲಿ ತಂಪು ಹೆಚ್ಚಾಯಿತೆಂದು ಹೇಳಲು ತಗಡಿನ ಮನೆಗೆ ಹೋದೆ. “ತಂಪು ಸ್ವಲ್ಪ ಕಡಿಮೆ ಕಳಿಸಿ” ಎಂದೆ.

“ತಂಪು ಅಂತ ಒಂದು ವಸ್ತುವೇ ಇಲ್ಲ ಸಾರ್. ಅದನ್ನು ಕಳಿಸ್ಲಿಕ್ಕೆ ಆಗುದಿಲ್ಲ. ಇರುದು ಸೆಕೆ ಮಾತ್ರ. ಅದನ್ನು ಒಳಗಿಂದ ಎತ್ತಿ ಹೊರಗೆ ಹಾಕುದು ನನ್ನ ಕೆಲಸ. ಹೋಟೆಲಿನಲ್ಲಿ ಎಂಜಲೆಲೆ ಎತ್ತುವವ ಇರ್ತಾನಲ್ಲ, ನಾನು ಅವನೇ.”

ಅಂದು ಯಂತ್ರದ ಸದ್ದಿನ ನಡುವೆ, ನನ್ನ ಕಿವಿಯ ಹತ್ತಿರ ಬಾಯಿ ತಂದು ಅವರು ಮಾಡಿದ ಪಾಠವನ್ನು ಅದೇ ಸಂಜೆ ಬರೆದಿಟ್ಟಿದ್ದೇನೆ. ಯಂತ್ರದೊಳಗೆ ಒಂದು ದ್ರವವಿದೆ. ಅದರ ಮೇಲಿನ ಒತ್ತಡ ಇಳಿಸಿದರೆ, ತಣ್ಣನೆಯ ನೀರಿನ ಪಕ್ಕದಲ್ಲಿದ್ದೇ ಅದು ಕುದಿಯುತ್ತದೆ. “ಕುದೀಲಿಕ್ಕೆ ಬಿಸಿ ಬೇಕಲ್ವಾ? ಅದನ್ನು ಆ ನೀರಿನಿಂದಲೇ ಕಿತ್ಕೊಳ್ತದೆ. ಹನ್ನೆರಡು ಡಿಗ್ರಿಯಲ್ಲಿ ಬಂದ ನೀರು ಏಳಾಗಿ ಹೋಗ್ತದೆ. ಆ ಏಳು ಡಿಗ್ರಿಯ ನೀರೇ ಕೊಳವೆಯಲ್ಲಿ ನಿಮ್ಮ ಕೋಣೆಗೂ ಫಿಲ್ಮಿನ ಕೋಣೆಗೂ ಬರುದು.” ಕುದ್ದು ಆವಿಯಾದದ್ದನ್ನು ಕಂಪ್ರೆಸರ್ ಹಿಡಿದು ಹಿಂಡುತ್ತದೆ. ಹಿಂಡಿದಾಗ ಅದು ಇನ್ನಷ್ಟು ಬಿಸಿಯಾಗುತ್ತದೆ. ಹೊತ್ತು ತಂದ ಶಾಖವನ್ನೆಲ್ಲ ಕಂಡೆನ್ಸರಿನಲ್ಲಿ ಬೇರೊಂದು ನೀರಿಗೆ ಒಪ್ಪಿಸಿ, ಮತ್ತೆ ದ್ರವವಾಗುತ್ತದೆ. ಆಮೇಲೆ ಒಂದು ಕಿರಿದಾದ ದಾರಿಯಲ್ಲಿ ನುಸುಳುವಾಗ ಒತ್ತಡ ಕಳೆದುಕೊಂಡು, ಮತ್ತೆ ಕುದಿಯಲು ಸಿದ್ಧವಾಗಿ ಮೊದಲಿನ ಜಾಗಕ್ಕೆ ಬರುತ್ತದೆ. “ತುಂಬಿದ ತಟ್ಟೆ ಹಿಡ್ಕೊಂಡು ಹೋಗಿ ಖಾಲಿ ತಟ್ಟೆ ಹಿಡ್ಕೊಂಡು ಬರುವ ಸಪ್ಲೈಯರ್ ಹಾಗೆ. ಅವನು ಎಂತದೂ ತಿನ್ನುದಿಲ್ಲ, ತಿರುಗುದು ಮಾತ್ರ.”

“ಆ ಇನ್ನೊಂದು ನೀರು, ಶಾಖ ವಹಿಸಿಕೊಂಡದ್ದು?”

ತಾರಸಿಯ ಮೇಲಿನ ಕೂಲಿಂಗ್ ಟವರನ್ನು ತೋರಿಸಿದರು. ಅಲ್ಲಿ ಬಿಸಿನೀರು ಎತ್ತರದಿಂದ ಹನಿಹನಿಯಾಗಿ ಸುರಿಯುತ್ತದೆ. “ಕಾಫಿ ಆರಿಸ್ಲಿಕ್ಕೆ ನೀವು ಎಂತ ಮಾಡ್ತೀರಿ? ಲೋಟದಿಂದ ಡಬರಕ್ಕೆ ಎತ್ತಿ ಹೊಯ್ತೀರಿ. ಗಾಳಿ ತಾಗ್ತದೆ, ಸ್ವಲ್ಪ ಆವಿಯಾಗಿ ಹೋಗ್ತದೆ, ಉಳಿದದ್ದು ಆರ್ತದೆ. ಅವ್ವಳವುದಾನ್!” ಅಷ್ಟೇ ಎನ್ನುವುದನ್ನು ಅವರು ಯಾವಾಗಲೂ ತಮಿಳಿನಲ್ಲೇ ಹೇಳುತ್ತಿದ್ದರು.

ಚಿಲ್ಲರುಗಳ ಜಾತಿಗಳನ್ನು ಅವರು ಹೋಟೆಲಿನ ಸಿಬ್ಬಂದಿಯನ್ನು ವರ್ಣಿಸುವಂತೆ ವರ್ಣಿಸುತ್ತಿದ್ದರು. ಅವರು ಸೇರಿದಾಗ ನಮ್ಮಲ್ಲಿದ್ದದ್ದು ಪಿಸ್ಟನ್ನಿನ ಯಂತ್ರ: “ಕೂಗಾಟ ಜಾಸ್ತಿ, ಆದ್ರೆ ಬಿಚ್ಚಿದ್ರೆ ಒಳಗೆ ಎಲ್ಲ ಕಾಣ್ತದೆ, ಕಪಟ ಇಲ್ಲ.” ಅದರ ಬಳಿಕ ಬಂದದ್ದು ಸ್ಕ್ರೂ ಯಂತ್ರ. ಒಂದನ್ನೊಂದು ಹೆಣೆದುಕೊಂಡು ತಿರುಗುವ ಎರಡು ಉಕ್ಕಿನ ತಿರುಪುಗಳು ನಡುವೆ ಸಿಕ್ಕ ಆವಿಯನ್ನು ಹಿಂಡುತ್ತ ಮುಂದೆ ತಳ್ಳುತ್ತವೆ: “ಇದು ಹೋಟೆಲಿನ ಲೆಕ್ಕ ಬರೆಯುವ ಹಳೇ ರೈಟರ್ ಹಾಗೆ. ಗಡಿಬಿಡಿ ಇಲ್ಲ, ರಜೆಯೂ ಇಲ್ಲ.” ದೊಡ್ಡ ಆಸ್ಪತ್ರೆಗಳಲ್ಲಿರುವ, ರೆಕ್ಕೆಯ ಚಕ್ರ ಗಿರ್ರನೆ ತಿರುಗಿ ಆವಿಯನ್ನು ಅಂಚಿಗೆ ಎಸೆದು ಒತ್ತುವ ಸೆಂಟ್ರಿಫ್ಯೂಗಲ್ ಯಂತ್ರದ ಬಗ್ಗೆ ಅವರಿಗೆ ಗೌರವ ಮಿಶ್ರಿತ ಅಸಮಾಧಾನ: “ಮದುವೆಮನೆಗೆ ಭಾರೀ ಜನ. ನಾಲ್ಕು ಜನರಿಗೆ ಅಡಿಗೆ ಮಾಡು ಅಂದ್ರೆ ಮಾತ್ರ ಮುಖ ಉಬ್ಬಿಸಿ ಕೂರ್ತದೆ.”

ಅವರ ಮೊದಲ ಪ್ರೇಮ ಮಾತ್ರ ಬೇರೆ. ನಮ್ಮಲ್ಲಿಗೆ ಬರುವ ಮುಂಚೆ ಅವರು ಎಣ್ಣೂರಿನ ಕಡೆ ಒಂದು ಕಾರ್ಖಾನೆಯಲ್ಲಿ, ವ್ಯರ್ಥವಾಗಿ ಹೋಗುವ ಹಬೆಯಿಂದಲೇ ನೀರು ತಣಿಸುವ ಹೀರಿಕೆಯ ಚಿಲ್ಲರಿನ ಬಳಿ ಕೆಲಸ ಕಲಿತಿದ್ದರು. ಬೆಂಕಿಯಿಂದ ತಂಪು ಹೇಗೆ ಬಂದೀತೆಂದು ನಾನು ವಾದ ಹೂಡಿದೆ. “ಮಳೆಗಾಲದಲ್ಲಿ ಮನೆಯ ಉಪ್ಪಿನ ಭರಣಿ ನೀರೊಡೆಯುದಿಲ್ವಾ? ಗಾಳಿಯ ತೇವವನ್ನು ಉಪ್ಪು ಕುಡೀತದೆ. ಆ ಮೆಷೀನಿನಲ್ಲೂ ಒಂದು ಉಪ್ಪುಂಟು. ಅದು ಆವಿ ಕುಡಿದು ಕುಡಿದು ಒಳಗಿನ ಒತ್ತಡ ಇಳಿಸ್ತದೆ, ಆಗ ನೀರು ತಣ್ಣಗಿರುವಾಗ್ಲೇ ಕುದೀತದೆ. ಕುಡಿದು ಸಾಕಾದ ಉಪ್ಪಿಗೆ ಹಬೆ ಕೊಟ್ರೆ ನೀರೆಲ್ಲ ಕಕ್ಕಿ ಮತ್ತೆ ಕುಡೀಲಿಕ್ಕೆ ತಯಾರು.” ದನಿ ತಗ್ಗಿಸಿ, “ನಮ್ಮ ದೊಡ್ಡ ಭಾವನ ಹಾಗೆ” ಎಂದರು.

ಕೆರೆಗಳೆಲ್ಲ ಬತ್ತಿ, ಊರಿಗೆ ಊರೇ ಟ್ಯಾಂಕರಿನ ದಾರಿ ಕಾದ ಒಂದು ಬೇಸಿಗೆಯಲ್ಲಿ, ಟವರಿನಿಂದ ಆವಿಯಾಗಿ ಹೋಗುವ ನೀರನ್ನು ತುಂಬುವುದೇ ಕಷ್ಟವಾಯಿತು. ನೀರು ಬೇಡದ, ಬರೀ ಫ್ಯಾನಿನ ಗಾಳಿಗೆ ಶಾಖ ಬಿಡುವ ಯಂತ್ರ ಹಾಕಿಸೋಣವೆಂದು ಕೆಲವರು ಸೂಚಿಸಿದರು. ಅದು ಕರೆಂಟು ಹೆಚ್ಚು ತಿನ್ನುತ್ತದೆಂದು ಇವರು ಒಪ್ಪಲಿಲ್ಲ. ಬದಲಿಗೆ ಕೋಣೆಗಳ ತಣ್ಣನೆಯ ಸುರುಳಿಕೊಳವೆಗಳ ಮೇಲೆ ಬೆವರಿ, ಚರಂಡಿಗೆ ಹೋಗುತ್ತಿದ್ದ ನೀರನ್ನೆಲ್ಲ ಒಂದು ಪೈಪಿಗೆ ಸೇರಿಸಿ ಟವರಿಗೆ ತಿರುಗಿಸಿದರು. ಟ್ಯಾಂಕರಿನ ಅಗತ್ಯ ತಪ್ಪಲಿಲ್ಲ, ತಗ್ಗಿತು. “ಕಡಲಿನ ಗಾಳಿಯನ್ನು ಹಿಂಡಿದ ನೀರು ಸಾರ್ ಇದು. ಚುಮ್ಮಾ ಸಿಗ್ತದೆ” ಎಂದು ಬಿಟ್ಟಿ ಸಿಕ್ಕಿದ ಆ ನೀರನ್ನು ಬೊಗಸೆಯಲ್ಲಿ ಹಿಡಿದು ತೋರಿಸಿದ್ದರು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಓದುವ ಕೋಣೆಯ ಗೋಡೆಯ ಮೇಲೆ, ಎಷ್ಟು ತಂಪು ಬೇಕೆಂದು ಗುಂಡಿ ಒತ್ತಿ ಹೇಳುವ ಒಂದು ಸಣ್ಣ ಥರ್ಮೋಸ್ಟಾಟ್ ಪೆಟ್ಟಿಗೆ ಇತ್ತು. ಅದರ ಕೆಳಗಿನ ಮೇಜು ನನ್ನದು. ಎದುರಿನ ಮೇಜು ನಿವೃತ್ತ ತಮಿಳು ಪ್ರಾಧ್ಯಾಪಕಿಯೊಬ್ಬರದು. ಅವರು ಹಳೆಯ ಚಿತ್ರಗಳ ಸಂಭಾಷಣೆಗಳನ್ನು ಸಂಪಾದಿಸುತ್ತಿದ್ದವರು. ಮಹಾ ವಿದುಷಿ, ಮಹಾ ಸೆಕೆಯವರು. ನಾನು ಇಪ್ಪತ್ತಾರಕ್ಕೆ ಇಡುವುದು, ಅವರು ಎದ್ದು ಬಂದು “ಒರೇ ಪುಳುಕ್ಕಂ ಸಾರ್!” ಎಂದು, ತಡೆಯಲಾರದ ಸೆಕೆಯೆಂದು ಸಾರುತ್ತ ಹದಿನೆಂಟಕ್ಕೆ ಇಳಿಸುವುದು. ಹೀಗೆ ದಿನಕ್ಕೆ ಹಲವು ಬಾರಿ. ಒಮ್ಮೆ ನಾನು ಕೋಣೆಯೊಳಗೇ ಮಫ್ಲರ್ ಸುತ್ತಿಕೊಂಡು ಬಂದೆ; ಮರುದಿನ ಅವರು ಬೀಸಣಿಗೆ ತಂದರು. ಮಾತು ನಿಂತಿತು. ಇಬ್ಬರೂ ಪ್ರತ್ಯೇಕವಾಗಿ ತಗಡಿನ ಮನೆಗೆ ದೂರು ಒಯ್ಯತೊಡಗಿದೆವು.

ಒಂದು ಮಂಗಳವಾರ ಮಧ್ಯಾಹ್ನ ಇವರು ಏಣಿ ತಂದು, ಪೆಟ್ಟಿಗೆ ಬಿಚ್ಚಿ, ಏನೋ ಮಾಡಿ, ಮುಚ್ಚಿದರು. “ಇನ್ನು ಇದು ನಿಮ್ಮಿಬ್ಬರ ಮಾತೂ ಕೇಳ್ತದೆ. ಆದ್ರೆ ಒತ್ತಿದ ಮೇಲೆ ಹತ್ತು ನಿಮಿಷ ಕೊಡಿ” ಎಂದರು. ನಿಜವಾಗಿಯೂ ಕೇಳಿತು. ಗುಂಡಿ ಒತ್ತಿದರೆ ಟಿಕ್ ಎನ್ನುತ್ತಿತ್ತು, ಹಸಿರು ದೀಪ ಬೆಳಗುತ್ತಿತ್ತು, ಹತ್ತು ನಿಮಿಷದಲ್ಲಿ ಹಿತವಾಗುತ್ತಿತ್ತು. ಪ್ರಾಧ್ಯಾಪಕಿಯೂ ಒತ್ತುತ್ತಿದ್ದರು, ಅವರಿಗೂ ಹಿತವಾಗುತ್ತಿತ್ತು. ಬೀಸಣಿಗೆ ಮನೆಗೆ ಹೋಯಿತು. ಯುದ್ಧ ಮುಗಿದು, ಅವರು ತಂದ ಕಡಲೆಯ ಸುಂಡಲ್‌ನಲ್ಲಿ ನನಗೂ ಪಾಲು ಬರುವಂತಾಯಿತು. ಹೀಗೆ ವರ್ಷಗಳು ಕಳೆದವು.

ಇವರ ನಿವೃತ್ತಿಗೆ ಮೂರು ವಾರವಿರುವಾಗ, ಹೊಸ ಚಿಲ್ಲರ್ ಹಾಕುವ ಕೆಲಸ ಪ್ರಾರಂಭವಾಯಿತು. ಗುತ್ತಿಗೆದಾರರ ಕಡೆಯ ಇಂಜಿನಿಯರೊಬ್ಬರು ಹಳೆಯ ಉಪಕರಣಗಳ ಪಟ್ಟಿ ಮಾಡುತ್ತ ಓದುವ ಕೋಣೆಗೆ ಬಂದು ಪೆಟ್ಟಿಗೆ ಬಿಚ್ಚಿದರು. ಪ್ರಾಧ್ಯಾಪಕಿ ಅದೇ ತಾನೇ ಗುಂಡಿ ಒತ್ತಿ ಬಂದು ಕುಳಿತಿದ್ದರು. “ಇದಕ್ಕೆ ದೀಪದ ತಂತಿ ಮಾತ್ರ ಇದೆ. ತಣ್ಣೀರು ಬಿಡುವ ಕವಾಟಕ್ಕೆ ಹೋಗುವ ತಂತಿಯೇ ಇಲ್ಲ” ಎಂದರು ಇಂಜಿನಿಯರು.

ಪ್ರಾಧ್ಯಾಪಕಿ ಪೆನ್ನು ಕೆಳಗಿಟ್ಟು, “ಅಪ್ಪೊ ನಾನ್ ಇತ್ತನೆ ನಾಳಾ ಎದೈ ಅಮುಕ್ಕಿನೇನ್?” ಎಂದು ಕೇಳಿದರು. ಇಷ್ಟು ದಿನ ತಾವು ಒತ್ತಿದ್ದು ಏನನ್ನು ಎಂಬ ಆ ಪ್ರಶ್ನೆ ನನ್ನದೂ ಆಗಿತ್ತು.

ಸುದ್ದಿ ಆಡಳಿತಾಧಿಕಾರಿಗಳಿಗೆ ಮುಟ್ಟಿತು. ಅವರು ಹೊಸಬರು, ನಿಯಮವಂತರು. ಸಂಸ್ಥೆಯ ಉಪಕರಣವನ್ನು ಗುಟ್ಟಾಗಿ ಕೆಡಿಸಿ, ಓದುಗರನ್ನು ವಂಚಿಸಿದ್ದಾರೆಂದು ವಿಚಾರಣೆಗೆ ಮೂವರ ಸಮಿತಿ ಮಾಡಿದರು: ತಾವು, ಪ್ರಾಧ್ಯಾಪಕಿ, ನಾನು. ವಂಚಿತರಾದವರೇ ಸಮಿತಿಯಲ್ಲಿದ್ದರೆ ಆರೋಪಿಯ ಕಡೆ ವಾಲುವುದಿಲ್ಲವೆಂಬುದು ಅವರ ತರ್ಕ. ತಪ್ಪೆಂದು ಕಂಡರೆ ಅದು ಸೇವಾ ಪುಸ್ತಕದ ಕೊನೆಯ ಪುಟಕ್ಕೆ ಹೋಗುತ್ತದೆ. ತಗಡಿನ ಮನೆಗೆ ಹೋದೆ. ಸ್ಕ್ರೂಡ್ರೈವರ್ ಕಿಸೆಯಲ್ಲಿರಲಿಲ್ಲ, ಕೈಯಲ್ಲಿ ಸುಮ್ಮನೆ ತಿರುಗುತ್ತಿತ್ತು.

“ಯಾಕೆ ಹೀಗೆ ಮಾಡಿದಿರಿ?” ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತೆಂದು ಒಪ್ಪಿಕೊಳ್ಳುತ್ತೇನೆ.

“ಒಂದೇ ಪಂಪು ಸಾರ್. ನಿಮ್ಮ ಕೋಣೆಗೂ ಅದೇ, ಫಿಲ್ಮಿನ ಕೋಣೆಗೂ ಅದೇ. ಎರಡು ಪಂಕ್ತಿಗೆ ಒಂದೇ ಬಕೆಟ್ ಸಾರು. ಟೀಚರಮ್ಮ ಹದಿನೆಂಟು ಒತ್ತಿದ ಕೂಡ್ಲೆ ನಿಮ್ಮ ಕವಾಟ ಪೂರಾ ತೆರೀತದೆ, ನೀರೆಲ್ಲ ಈ ಕಡೆ. ಹಿಂದಿನ ಪಂಕ್ತಿಯಲ್ಲಿ ಕೂತ ಡಬ್ಬಗಳಿಗೆ ಸೆಕೆ ಏರ್ತದೆ. ನೀವು ಇಪ್ಪತ್ತಾರು ಒತ್ತಿದ್ರೆ ಮತ್ತೆ ಇಳೀತದೆ. ಏರುದು, ಇಳಿಯುದು. ಅವು ಹುಳಿಯಾಗ್ಲಿಕ್ಕೆ ಅದಕ್ಕಿಂತ ಬೇರೆ ಎಂತ ಬೇಕು? ಕವಾಟವನ್ನು ಇಪ್ಪತ್ತನಾಲ್ಕು ಬರುವ ಹಾಗೆ ಕೈಯಲ್ಲೇ ಹದ ಮಾಡಿ ಬಿಟ್ಟೆ. ಬಾಯಿ ಇದ್ದವರಿಗೆ ಗುಂಡಿ ಕೊಟ್ಟೆ, ಬಾಯಿ ಇಲ್ಲದವರಿಗೆ ತಂಪು ಕೊಟ್ಟೆ.”

“ತಂಪು ಅಂತ ಒಂದು ವಸ್ತುವೇ ಇಲ್ಲ ಅಂದಿದ್ದಿರಿ.”

ನಕ್ಕರು, ಬೇಗನೆ ನಗು ಹೋಯಿತು. “ಕೆಲಸ ಹೇಗೂ ಮುಗೀತು. ಆದ್ರೆ ಆ ಪುಸ್ತಕದಲ್ಲಿ ಮೋಸ ಅಂತ ಒಂದು ಶಬ್ದ ಬರೀಬಾರ್ದು ಸಾರ್. ಗುಟ್ಟಾಗಿ ಮಾಡ್ಲಿಲ್ಲ ನಾನು. ಅದೇ ದಿನ ಲಾಗ್ ಬುಕ್ಕಿನಲ್ಲಿ ಬರ್ದಿದ್ದೇನೆ.”

ಬರೆದದ್ದು ನಿಜ. ಗಂಟೆಗೊಮ್ಮೆಯ ಉಷ್ಣತೆ, ಒತ್ತಡಗಳ ಸಾಲುಗಳ ಕೆಳಗೆ, ಮೇಲಧಿಕಾರಿಯ ಸಹಿಗೂ ಕೆಳಗೆ, ಪುಟದ ಅಂಚಿನಲ್ಲಿ ಒಂದು ಸಾಲು: ಓದುವ ಕೋಣೆಯ ಪೆಟ್ಟಿಗೆಯ ತಂತಿ ತೆಗೆದು ಕವಾಟ ಕೈಯಿಂದ ಹದ ಮಾಡಿದೆ, ಫಿಲ್ಮ್ ಕೋಣೆಯ ಕಾರಣ. ಸಮಿತಿ ಕೂತಾಗ ಅಧಿಕಾರಿಗಳು ಬೆರಳಿಟ್ಟದ್ದು ಆ ಜಾಗದ ಮೇಲೆಯೇ. ಅವರು ಇಂಗ್ಲಿಷು ತಮಿಳು ಬೆರೆಸಿ ಕೇಳಿದ್ದರ ತಾತ್ಪರ್ಯ ಇಷ್ಟು: ಸಹಿಯ ಕೆಳಗಿನ ಸಾಲನ್ನು ಯಾವಾಗ ಬೇಕಾದರೂ ಸೇರಿಸಬಹುದು. ಸಿಕ್ಕಿಬಿದ್ದ ಮೇಲೆ ಹೋದ ವಾರ ಬರೆದದ್ದಲ್ಲ ಎನ್ನುವುದಕ್ಕೆ ಬೇರೆ ಆಧಾರವೇನು?

ನ್ಯಾಯವಾದ ಪ್ರಶ್ನೆ. ಜೀವಮಾನವಿಡೀ ನಾನು ಇತರರನ್ನು ಕೇಳಿದ ಪ್ರಶ್ನೆಯೂ ಹೌದು. ಒಂದೇ ದಾಖಲೆ ದಾಖಲೆಯಲ್ಲ. ಅದನ್ನರಿಯದ ಇನ್ನೊಂದು ಮೂಲ ಅದೇ ಮಾತು ಹೇಳಬೇಕು. ಸಭೆಯನ್ನು ಮರುದಿನಕ್ಕೆ ಮುಂದೂಡಿದರು.

ಅಡ್ಯಾರಿನ ನನ್ನ ಮನೆಯ ಕಪಾಟಿನಲ್ಲಿ ದಿನಚರಿಗಳು ಸಾಲಾಗಿವೆ. ಲಾಗ್ ಬುಕ್ಕಿನ ತಾರೀಖು ಹಿಡಿದು ಪುಟ ತೆರೆದೆ. ಬೇಕಾದ ಆಧಾರ ಸಿಕ್ಕಿತು. ಓದಿ, ಪುಸ್ತಕ ಮುಚ್ಚಿ, ಬಾಲ್ಕನಿಯಲ್ಲಿ ಬಹಳ ಹೊತ್ತು ನಿಂತೆ. ಅದನ್ನು ತೋರಿಸಿದರೆ ಅವರು ಪಾರಾಗುತ್ತಾರೆ. ತೋರಿಸದಿದ್ದರೆ ನಾನು ಪಾರಾಗುತ್ತೇನೆ. ಮದುವೆಯ ಕರೆಯೋಲೆಯ ತಾರೀಖನ್ನೂ ಪಂಚಾಂಗದೊಡನೆ ತಾಳೆ ನೋಡುವವನೆಂದು ಸಂಸ್ಥೆಯಲ್ಲಿ ನನಗೆ ಹೆಸರಿತ್ತು. ಆ ಹೆಸರಿನ ಗತಿಯೇನೆಂದು ಯೋಚಿಸಿದೆ. ಯೋಚಿಸಲಿಲ್ಲವೆಂದರೆ ಸುಳ್ಳಾಗುತ್ತದೆ.

ಮರುದಿನ ಸಭೆಯಲ್ಲಿ, ಆರೋಪಿಯೂ ಎದುರಿಗಿರುವಾಗ, ಕನ್ನಡದಲ್ಲಿ ಓದಿ ಇಂಗ್ಲಿಷಿನಲ್ಲಿ ಅರ್ಥ ಹೇಳಿದೆ. ಅಕ್ಷರ ಬಿಡದೆ ಇಲ್ಲಿಯೂ ಕೊಡುತ್ತೇನೆ:

“ಮಂಗಳವಾರ. ಮಧ್ಯಾಹ್ನ ಚಿಲ್ಲರ್ ಪ್ಲಾಂಟಿನವರು ಬಂದು ಪೆಟ್ಟಿಗೆ ಸರಿಮಾಡಿದರು. ಮಾಡಿದ್ದನ್ನು ಲಾಗ್ ಬುಕ್ಕಿನಲ್ಲಿ ಅಡಿಯಲ್ಲಿ ಬರೆದಿದ್ದೇನೆ, ಬೇಕಾದರೆ ನೋಡಿ ಎಂದರು. ನೋಡುವ ಅಗತ್ಯ ಕಾಣಲಿಲ್ಲ. ಇಪ್ಪತ್ತಾರಕ್ಕೆ ಇಟ್ಟೆ, ಹತ್ತೇ ನಿಮಿಷದಲ್ಲಿ ಹಿತವಾಯಿತು. ಇಷ್ಟು ವರ್ಷಕ್ಕೆ ಈ ಕಟ್ಟಡದಲ್ಲಿ ನನ್ನ ಮಾತು ಕೇಳುವ ಒಂದು ಯಂತ್ರ ಸಿಕ್ಕಿತು.”

ಪ್ರಾಧ್ಯಾಪಕಿ ಮೊದಲು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಮುಚ್ಚಿಕೊಳ್ಳುವ ಗೋಜಿಗೆ ಹೋಗಲಿಲ್ಲ; ಕಣ್ಣಲ್ಲಿ ನೀರು ಬರುವಷ್ಟು ನಕ್ಕು, “ಸಾರ್, ಕೊನೆ ಸಾಲು ಇನ್ನೊಂದು ಸಲ” ಎಂದು ತಮಿಳಿನಲ್ಲಿ ಬೇಡಿದರು. ಇನ್ನೊಂದು ಸಲ ಓದಿದೆ. ಅಧಿಕಾರಿಗಳು ತಾರೀಖುಗಳನ್ನು ತಾವೇ ಎದುರುಬದುರು ಇಟ್ಟು ನೋಡಿ, ಲಾಗ್ ಬುಕ್ ಮುಚ್ಚಿದರು. ಗುಟ್ಟಿನ ಆರೋಪ ಬಿದ್ದುಹೋಯಿತು. ವರದಿ ಬರೆಯುವ ಹೊಣೆಯನ್ನು ನನಗೇ ಒಪ್ಪಿಸಿದರು.

ಹೊರಗೆ ಮೊಗಸಾಲೆಯಲ್ಲಿ ಚಿಲ್ಲರ್ ಮನೆಯ ಯಜಮಾನರು ಕಾಯುತ್ತಿದ್ದರು. ಕೃತಜ್ಞತೆಯ ಮಾತೇನಾದರೂ ಬಂದೀತೆಂದು ನಾನು ಸಂಕೋಚಪಟ್ಟುಕೊಳ್ಳಲು ಸಿದ್ಧನಾದೆ.

“ಒಂದು ಕೇಳ್ಲಾ ಸಾರ್? ಆ ದಿನ ನಿಮಗೆ ನಿಜವಾಗಿ ಹಿತ ಆಗಿತ್ತಾ?”

“ಆಗಿತ್ತು.”

“ಮರುದಿನ?”

“ಮರುದಿನವೂ. ಆಮೇಲಿನ ಅಷ್ಟೂ ದಿನಚರಿ ತಿರುವಿ ಹಾಕಿದೆ. ತಂಪಿನ ಬಗ್ಗೆ ಒಂದೇ ಒಂದು ದೂರಿಲ್ಲ.”

“ಟೀಚರಮ್ಮನಿಗೆ?”

“ಅವರಿಗೂ ಇಲ್ಲವಂತೆ.”

“ಹಾಗಾದ್ರೆ ವರದಿಯಲ್ಲಿ ಪೆಟ್ಟಿಗೆ ಕೆಟ್ಟಿತ್ತು ಅಂತ ಬರೀಬೇಡಿ ಮಾರಾಯ್ರೆ. ಅದರ ಕೆಲಸ ಅದು ಮಾಡ್ತಾ ಇತ್ತಲ್ಲ.”

ವರದಿಯ ನಮೂನೆಯಲ್ಲಿ ‘ಉಪಕರಣದ ಸ್ಥಿತಿ’ ಎಂಬ ಒಂದು ಅಂಕಣವಿತ್ತು. ಇದ್ದ ಆಧಾರಗಳನ್ನೆಲ್ಲ ಮತ್ತೊಮ್ಮೆ ಪರಿಶೀಲಿಸಿ, ‘ಕೊನೆಯ ದಿನದವರೆಗೂ ಸುಸ್ಥಿತಿಯಲ್ಲಿತ್ತು’ ಎಂದು ಬರೆದೆ. ಮೊದಲ ಸಹಿ ಪ್ರಾಧ್ಯಾಪಕಿಯವರದು.